ವರಮಹಾಲಕ್ಷ್ಮಿಗೊಂದು ಆರ್ಟಿಚೋಕ್

ನಮ್ಮ ಮನೆಯ ಲಕ್ಷ್ಮಿಯ ತಾವರೆ ವರ್ಷಕ್ಕೊಮ್ಮೆ ಸೋಪಿನ ನೀರಿನಲ್ಲಿ ಸ್ನಾನ ಮಾಡುತ್ತಿತ್ತು. ಶ್ರಾವಣ ಬಂತೆಂದರೆ ಅದನ್ನು ಅಟ್ಟದಿಂದ ಇಳಿಸಿ, ಹಳೆಯ ಟೂತ್‌ಬ್ರಷ್ಷಿನಿಂದ ಎಸಳುಗಳ ಸಂದಿಯ ಧೂಳು ತೆಗೆದು, ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಗಿಸಿ ಕಲಶದ ಮುಂದೆ ಇಡುತ್ತಿದ್ದೆ. ಹೌದು, ಪ್ಲಾಸ್ಟಿಕ್ ತಾವರೆ. ಐರ್ಲೆಂಡಿನಲ್ಲಿ ಕೆರೆಗಳಿಗೆ ಬರವಿಲ್ಲ, ಮಳೆಯ ಮಾತಂತೂ ಬೇಡವೇ ಬೇಡ, ಬಾತುಕೋಳಿಗಳೂ ಹಂಸಗಳೂ ಬೇಕಾದಷ್ಟಿವೆ. ತಾವರೆ ಮಾತ್ರ ನಾನು ಕಂಡಿಲ್ಲ. ಮೈಸೂರಿನಲ್ಲಿ ನನ್ನ ಅಮ್ಮ ಹಬ್ಬದ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಹೂವಿನವಳ ಜೊತೆ ಜಗಳವಾಡಿ, ಬಿರಿಯದ ಮೊಗ್ಗೊಂದನ್ನು ಆರಿಸಿ ತರುತ್ತಾಳೆ. ಆಮೇಲೆ ವಿಡಿಯೋ ಕಾಲ್‌ನಲ್ಲಿ ನಮ್ಮ ಮನೆಯ ಪೂಜೆ ನೋಡುತ್ತಾಳೆ. ಸೀರೆ ಉಡಿಸಿದ್ದು ಚೆನ್ನಾಗಿದೆ, ಒಬ್ಬಟ್ಟು ತೆಳ್ಳಗೆ ಬಂದಿದೆ ಎಂದೆಲ್ಲ ಹೊಗಳಿ, ಕೊನೆಗೆ ಫೋನನ್ನು ಕಲಶದ ಹತ್ತಿರ ಹಿಡಿಸಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಇನ್ನೂ ಪ್ಲಾಸ್ಟಿಕ್ಕೇನೇ?"

ಆ 'ಇನ್ನೂ' ಇದೆಯಲ್ಲ, ಅದು ನನಗೆ ವರ್ಷವಿಡೀ ಚುಚ್ಚುತ್ತಿತ್ತು. ಡಬ್ಲಿನ್ ಪಕ್ಕದ ಈ ಬ್ಲಾಂಚರ್ಡ್ಸ್‌ಟೌನಿಗೆ ಬಂದು ಇಷ್ಟು ವರ್ಷವಾಯಿತು, ಮಕ್ಕಳ ಡಾಕ್ಟರ್ ಅನ್ನಿಸಿಕೊಂಡೆ, ಈ ಊರಿನ ಅರ್ಧ ಮಕ್ಕಳ ಗಂಟಲೊಳಗೆ ಟಾರ್ಚು ಬಿಟ್ಟು ನೋಡಿದ್ದಾಯಿತು, ದೇವರಿಗೊಂದು ನಿಜವಾದ ಹೂವು ಹೊಂದಿಸಲು ಆಗಲಿಲ್ಲವೇ ಎಂದು ಅದರ ಅರ್ಥ. ಅಮ್ಮ ಹಾಗೆ ಬಿಡಿಸಿ ಹೇಳುವುದಿಲ್ಲ. ಬಿಡಿಸಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಹೀಗಿರುವಾಗ ಒಂದು ಶನಿವಾರ, ಶಾಪಿಂಗ್ ಸೆಂಟರಿನ ತರಕಾರಿ ಸಾಲಿನಲ್ಲಿ, ಹೂಕೋಸು ಮತ್ತು ಬದನೆಕಾಯಿಯ ನಡುವೆ ನಾನು ತಾವರೆ ಮೊಗ್ಗು ಕಂಡೆ! ಹಸಿರು ಬಣ್ಣ, ಒಂದರ ಮೇಲೊಂದು ಹೊದ್ದ ಎಸಳುಗಳು, ತುದಿಯಲ್ಲಿ ಮುಚ್ಚಿದ ಬಾಯಿ. ನಾನು ಅಲ್ಲೇ "ಅಯ್ಯೋ!" ಎಂದು ಕೂಗಿದೆನಂತೆ. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ ತನ್ನ ಟ್ರಾಲಿಯನ್ನು ಹಿಂದಕ್ಕೆಳೆದುಕೊಂಡಳು. ಅದರ ಕೆಳಗೆ ಆರ್ಟಿಚೋಕ್ ಎಂದು ಬರೆದಿತ್ತು. ಎರಡು ಕೊಂಡೆ.

ಅಂದು ಅದನ್ನು ಹುಳಿ ಮಾಡಿದೆ. ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ. ನನ್ನ ಗಂಡ ವೀರೇಶ ಗದಗಿನ ಕಡೆಯವರು, ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಧೂಳಿನ ಕಣವೂ ಇರಬಾರದ ಕೋಣೆಯಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ದಿರಿಸು ತೊಟ್ಟು ಕೆಲಸ ಮಾಡುವ ತಾಳ್ಮೆಯ ಮನುಷ್ಯ. ಆ ತಾಳ್ಮೆಯಿಂದಲೇ ಒಂದು ಎಸಳನ್ನು ಬಾಯಿಗಿಟ್ಟು ಅಗಿದರು. ಅಗಿದರು. ಮತ್ತೂ ಅಗಿದರು. ಕೊನೆಗೆ ಕೇಳಿದರು: "ಇದನ್ನ ತಿನ್ನೂದೋ, ಉಗುಳೂದೋ? ಒಂದು ಹೇಳಿಬಿಡು."

ಎರಡೂ ಎಂದು ಆಮೇಲೆ ತಿಳಿಯಿತು. ಎಸಳಿನ ಬುಡದಲ್ಲಿರುವ ಮೆತ್ತನೆಯ ತಿರುಳನ್ನು ಹಲ್ಲಿನಿಂದ ಎಳೆದುಕೊಂಡು ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಇಡಬೇಕು. ಯುರೋಪಿನವರು ಇದನ್ನು ದೊಡ್ಡ ನಾಜೂಕಿನ ಊಟ ಎಂದುಕೊಂಡಿದ್ದಾರೆ. ನುಗ್ಗೆಕಾಯಿ ಹುಳಿ ಉಂಡು ಬೆಳೆದ ನಮಗೆ ಇದನ್ನೇನು ಹೇಳಿಕೊಡುವುದು! ಎಸಳೆಲ್ಲ ಮುಗಿದ ಮೇಲೆ ಒಳಗೆ ಒಂದು ಹಿಡಿ ನವಿರಾದ ಕೂದಲು ಸಿಗುತ್ತದೆ, ಅದನ್ನು ಕೆರೆದು ತೆಗೆಯಬೇಕು; ಅದರಡಿಗೆ ಬೆಣ್ಣೆಯಂಥ ಬುಡ. ಬಾಳೆಹೂವನ್ನು ಬಿಡಿಸಿ, ಒಂದೊಂದು ಹೂವಿನ ಕಡ್ಡಿ ಕಿತ್ತು, ಕೈ ಕಪ್ಪು ಮಾಡಿಕೊಂಡು, ಕೊನೆಗೆ ಒಂದು ಬಟ್ಟಲು ಪಲ್ಯ ಮಾಡುವವರಿಗೆ ಈ ಸಹನೆಯೂ ಹೊಸದಲ್ಲ. ನುಗ್ಗೆಕಾಯಿಗೂ ಬಾಳೆಹೂವಿಗೂ ಮದುವೆ ಮಾಡಿಸಿದರೆ ಹುಟ್ಟುವ ಕೂಸು ಆರ್ಟಿಚೋಕ್ ಎಂದು ನಾನು ಅವತ್ತೇ ಘೋಷಿಸಿದೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು: ಇದನ್ನು ನಾನೇ ಬೀಜ ಹಾಕಿ ಬೆಳೆಸಿ, ಈ ಸಲದ ವರಮಹಾಲಕ್ಷ್ಮಿಗೆ ಹಿತ್ತಲಿನ ಮೊಗ್ಗನ್ನೇ ಇಟ್ಟರೆ?

"ಅಂಗಡ್ಯಾಗಿಂದ ತಂದಿಟ್ರ ಆಗೂದಿಲ್ಲೇನು?" ಎಂದರು ವೀರೇಶ.

ಆಗುವುದಿಲ್ಲ. ಅಂಗಡಿಯದರ ತುದಿ ಕತ್ತರಿಸಿತ್ತು, ಅಂಚು ಕಪ್ಪಾಗಿತ್ತು, ಮೈಮೇಲೆ ಸ್ಟಿಕ್ಕರ್ ಅಂಟಿತ್ತು. ಲಕ್ಷ್ಮಿಗೆ ಸ್ಟಿಕ್ಕರ್ ಕಿತ್ತ ಮೊಗ್ಗು ಇಡುವುದಕ್ಕಿಂತ ಪ್ಲಾಸ್ಟಿಕ್ಕೇ ವಾಸಿ. ಅದೂ ಅಲ್ಲದೆ ಇದನ್ನೆಲ್ಲ ವೀರೇಶ ಕೇಳುವಷ್ಟರಲ್ಲಿ ನಾನು ನಮ್ಮ ಕಡೆಯ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದೆ: "ಈ ಸಲ ನಮ್ಮನೆ ಲಕ್ಷ್ಮಿಗೆ ನಾನೇ ಬೆಳೆದ ಮೊಗ್ಗು. ಎಲ್ರೂ ಕುಂಕುಮಕ್ಕೆ ಬರ್ಬೇಕು." ಆಗಿನ್ನೂ ಫೆಬ್ರವರಿ. ಬೀಜದ ಪೊಟ್ಟಣ ಅಂಚೆಯಲ್ಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಕುಲಾವಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಅಮ್ಮನ ಆಕ್ಷೇಪಣೆ ಕೇಳಿ. ಆರ್ಟಿಚೋಕಿನ ಚಿತ್ರ ಕಳಿಸಿದೊಡನೆ ಅಮ್ಮ ಫೋನು ಮಾಡಿ, "ಮುಳ್ಳಿರೋದನ್ನ ದೇವರಿಗೆ ಇಡಬಾರದು ಕಣೇ" ಎಂದಳು. "ಗುಲಾಬಿ ಇಡಲ್ವಾ?" ಎಂದೆ. "ಗುಲಾಬಿ ಬೇರೆ" ಎಂದಳು. "ತಾವರೆ ದಂಟಿಗೂ ಸಣ್ಣ ಸಣ್ಣ ಮುಳ್ಳಿರತ್ತಮ್ಮ, ಸವರಿ ನೋಡು ಬೇಕಾದ್ರೆ." ಅಮ್ಮ, "ಮೊದಲು ಬರಲಿ ಬಿಡು, ಆಮೇಲೆ ನೋಡೋಣ" ಎಂದಳು. ಅಮ್ಮನೊಡನೆ ವಾದದಲ್ಲಿ ನಾನು ಇಷ್ಟರಮಟ್ಟಿಗೆ ಗೆದ್ದದ್ದು ಅದೇ ಮೊದಲು. ಉತ್ಸಾಹ ಇಮ್ಮಡಿಯಾಯಿತು.

ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕು ಇರುವ ಒಂದು ಕಪಾಟಿರುತ್ತದೆ. ಅದಕ್ಕೆ ಹಾಟ್ ಪ್ರೆಸ್ ಎನ್ನುತ್ತಾರೆ. ಟವೆಲು, ಹಾಸಿಗೆ ಬಟ್ಟೆ ಬೆಚ್ಚಗಿರಲೆಂದು ಅದರಲ್ಲಿಡುತ್ತಾರೆ. ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಹುದುಗುವುದೂ ಮೊಸರು ಹೆಪ್ಪಾಗುವುದೂ ಅಲ್ಲೇ. ಆ ಫೆಬ್ರವರಿಯಲ್ಲಿ ದೋಸೆ ಹಿಟ್ಟನ್ನು ಕೆಳಗಿನ ಹಲಗೆಗೆ ಇಳಿಸಿ, ಟ್ಯಾಂಕಿನ ಪಕ್ಕದ ಅತಿ ಬೆಚ್ಚನೆಯ ಜಾಗದಲ್ಲಿ ಬೀಜದ ಟ್ರೇ ಇಟ್ಟೆ. ಎರಡು ವಾರವಾಗಿತ್ತೇನೋ, ಒಂದು ಬೆಳಿಗ್ಗೆ ಟವೆಲಿಗೆಂದು ಬಾಗಿಲು ತೆಗೆದರೆ ಮಣ್ಣು ಸೀಳಿಕೊಂಡು ದಪ್ಪ ದಪ್ಪ ಎಲೆಯ ಆರು ಸಸಿಗಳು! ನಾನು ಮನೆಯವರನ್ನೆಲ್ಲ ಕೂಗಿ ಕರೆದೆ. ಮಗಳು ಮಾನ್ವಿ ಹಲ್ಲುಜ್ಜುತ್ತ ಬಂದು ನೋಡಿ, "ಈಸ್ ದಟ್ ಇಟ್, ಮ್ಯಾಮ್?" ಎಂದು ಅಪ್ಪಟ ಡಬ್ಲಿನ್ ರಾಗದಲ್ಲಿ ಕೇಳಿ ಹೊರಟುಹೋದಳು. ಅವಳಿಗೆ ಹನ್ನೊಂದು ವರ್ಷ; ಇಲ್ಲಿನ ಮಕ್ಕಳಂತೆ ಅಮ್ಮನನ್ನು ಮ್ಯಾಮ್ ಎನ್ನುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಅಂದಿನಿಂದ ಬಾಣಂತನ ಶುರುವಾಯಿತು. ನಿಮಗೆ ಗೊತ್ತಿರಲಿ, ಕ್ಲಿನಿಕ್ಕಿನಲ್ಲಿ ನಾನು ದಿನಕ್ಕೆ ನಾಲ್ಕಾರು ಬಾರಿಯಾದರೂ ಹೇಳುವ ಮಾತು, "ಮಗುವಿಗೆ ಇಷ್ಟೊಂದು ಬಟ್ಟೆ ಬೇಡ" ಎಂಬುದು. ನಮ್ಮ ದೇಶದಿಂದ ಬಂದ ಹೊಸ ತಾಯಂದಿರು ಕೂಸನ್ನು ಟೋಪಿ, ಕಾಲುಚೀಲ, ಶಾಲು, ಅದರ ಮೇಲೊಂದು ಶಾಲು ಸುತ್ತಿ ತರುತ್ತಾರೆ. ಒಳಗೆ ಮಗು ಎಲ್ಲಿದೆ ಎಂದು ನಾನು ಹುಡುಕಬೇಕು. "ಗಾಳಿ ಆಡಲಿ, ಏನೂ ಆಗಲ್ಲ" ಎಂದು ಬಹಳ ಗತ್ತಿನಿಂದ ಬುದ್ಧಿ ಹೇಳುತ್ತೇನೆ. ಅದೇ ನಾನು, ಮನೆಗೆ ಬಂದು ಏನು ಮಾಡುತ್ತಿದ್ದೆ ಗೊತ್ತೇ? ಸಸಿಗಳಿಗೆ ಉಗುರುಬೆಚ್ಚನೆ ನೀರು ಹನಿಸುತ್ತಿದ್ದೆ. ಕಿಟಕಿಯ ಸಂದಿಗೆ ಟವೆಲು ತುರುಕುತ್ತಿದ್ದೆ. ಮಾನ್ವಿ ಕೂಸಾಗಿದ್ದಾಗಿನ ಉಲ್ಲನ್ ಕಾಲುಚೀಲಗಳನ್ನು ಹುಡುಕಿ ತೆಗೆದು ಆರು ಪುಟ್ಟ ಕುಂಡಗಳಿಗೂ ತೊಡಿಸಿದ್ದೆ. ವೀರೇಶ ಅದನ್ನು ನೋಡಿ, "ಕಾಡಿಗಿ ಹಚ್ಚೂದೊಂದು ಬಾಕಿ ಉಳದೈತಿ" ಎಂದರು.

ಅವರು ಇನ್ನೊಂದು ಮಾತೂ ಹೇಳಿದ್ದರು. ಸಸಿಗಳು ನಾಲ್ಕೆಲೆ ಬಿಟ್ಟು, ಎಲೆಯ ಅಂಚು ಹಲ್ಲುಹಲ್ಲಾದಾಗ, ಕನ್ನಡಕ ಮೇಲೆತ್ತಿ ನೋಡಿ, "ಇದು ನಮ್ಮ ಕುಸುಬಿ ಬಳಗ ಐತಿ ನೋಡು" ಎಂದರು. ಹುಡುಕಿ ನೋಡಿದರೆ ಮಾತು ನಿಜ! ಕುಸುಬೆಯೂ ಆರ್ಟಿಚೋಕೂ ಒಂದೇ ಮುಳ್ಳು ವಂಶದ ದಾಯಾದಿಗಳು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಜೋಳದ ಹೊಲದ ಅಂಚಿಗೆ ಕುಸುಬೆ ಹಾಕುತ್ತಾರೆ. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಎಳೆಯದಾಗಿದ್ದಾಗ ಸೊಪ್ಪು ಪಲ್ಯಕ್ಕೆ, ಬಲಿತ ಮೇಲೆ ಬೀಜ ಎಣ್ಣೆಗೆ, ಆ ಬೀಜ ರುಬ್ಬಿ ಹಿಂಡಿದ ಹಾಲು ಹುಗ್ಗಿಗೆ. ಅಷ್ಟೆಲ್ಲ ಉಪಕಾರ ಮಾಡುವ ಗಿಡಕ್ಕೆ ಯಾರೂ ನಾಜೂಕಿನ ಊಟ ಎಂಬ ಬಿರುದು ಕೊಡಲಿಲ್ಲ. ಅದರ ದಾಯಾದಿ ಯುರೋಪಿಗೆ ಹೋಗಿ ಬೆಣ್ಣೆಯ ಜೊತೆ ಕುಳಿತುಕೊಂಡುಬಿಟ್ಟಿತು. ಇರಲಿ. "ಕುಸುಬಿ ಹಿಂಗಾರಿ ಬೆಳಿ. ಚಳಿ ಬಿದ್ದಷ್ಟೂ ಛಲೋ ಬರ್ತೈತಿ" ಎಂದೂ ಅವರು ಸೇರಿಸಿದ್ದರು. ನಾನು ಹೂಂ ಎಂದು, ಕುಂಡದ ಕಾಲುಚೀಲವನ್ನು ಮೇಲಕ್ಕೆಳೆದೆ.

ಹಾಗೆಂದು ನನಗೆ ವಿಷಯ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಪೊಟ್ಟಣದ ಬೆನ್ನಿನ ಮೇಲೇ ಅಚ್ಚಾಗಿತ್ತು. ಈ ಗಿಡದ ಸ್ವಭಾವವೇ ವಿಚಿತ್ರ: ಒಂದು ಚಳಿಗಾಲ ಕಂಡ ಮೇಲೆಯೇ ಮೊಗ್ಗು ಬಿಡುವುದು ಎಂದು ಅದು ಹಟ ಹಿಡಿದಿದೆ. ಬೇಸಿಗೆ ಗಿಡ್ಡವಾದ ತಣ್ಣನೆಯ ದೇಶಗಳಲ್ಲಿ ಹಾಗೆ ಕಾಯುತ್ತ ಕುಳಿತರೆ ಕುಂಡದ ಗಿಡ ಚಳಿಗಾಲದ ಮಳೆಗೆ ಬೇರು ಕೊಳೆತು ಸತ್ತರೂ ಸತ್ತಿತು. ಅದಕ್ಕೆ ಬೀಜದಿಂದ ಬೆಳೆಸುವವರು ಒಂದು ಉಪಾಯ ಮಾಡುತ್ತಾರೆ. ಎಳೆಯ ಸಸಿಯನ್ನು ಏಪ್ರಿಲ್ ಹೊತ್ತಿಗೆ ಕೆಲವು ವಾರ ಹೊರಗಿನ ಚಳಿಗೆ ಬಿಡುತ್ತಾರೆ. ಹಿಮ ಬೀಳುವ ರಾತ್ರಿ ಮಾತ್ರ ಮರೆ ಮಾಡಿದರಾಯಿತು. ಸಸಿ ಪಾಪ, ಚಳಿಗಾಲ ಬಂತು, ಹೋಯಿತು ಎಂದು ನಂಬಿ ಅದೇ ಬೇಸಿಗೆಯಲ್ಲಿ ಮೊಗ್ಗು ಬಿಡುತ್ತದೆ. ಸುಳ್ಳು ಚಳಿಗಾಲ! ಓದಿ ನನಗೆ ರೋಮಾಂಚನವಾಯಿತು. ಆದರೆ ಅದು ಬೇರೆಯವರ ಮಕ್ಕಳಿಗೆ ಹೇಳಿದ ಮಾತು ಎಂದು ನನಗೇಕೋ ಅನ್ನಿಸಿತು.

ಒಂದು ದಿನ ಧೈರ್ಯ ಮಾಡಿದೆ. ಏಪ್ರಿಲ್ ತಿಂಗಳ ಬಿಸಿಲು ಕಂಡು, ಕಾಲುಚೀಲ ಬಿಚ್ಚಿ, ಕುಂಡಗಳನ್ನು ಹಿತ್ತಲ ಮೆಟ್ಟಿಲ ಮೇಲಿಟ್ಟು ಒಳಗೆ ಬಂದು ಕಾಫಿಗೆ ಹಾಲಿಟ್ಟೆ. ಇಲ್ಲಿನ ಬಿಸಿಲು ನಿಮಗೆ ಗೊತ್ತಲ್ಲ, ನೋಡಲು ಮಾತ್ರ ಇರುವುದು. ಗಾಳಿ ಬೀಸಿತು. ಆರೂ ಸಸಿಗಳು ಒಟ್ಟಿಗೆ ನಡುಗಿದವು. ಹಾಲು ಉಕ್ಕುವ ಮೊದಲೇ ಓಡಿಹೋಗಿ ಎಲ್ಲವನ್ನೂ ಒಳಗೆ ತಂದೆ. "ದೇ ವರ್ ಗ್ರ್ಯಾಂಡ್, ಮ್ಯಾಮ್!" ಎಂದಳು ಮಾನ್ವಿ. ಈ ದೇಶದಲ್ಲಿ ಕಾಲು ಮುರಿದವನೂ ಗ್ರ್ಯಾಂಡ್, ಅಂದರೆ ಚೆನ್ನಾಗಿದ್ದೇನೆ, ಎನ್ನುತ್ತಾನೆ. ಡಾಕ್ಟರಾದ ನಾನು ಆ ಮಾತನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು.

ಇದಾದ ವಾರಕ್ಕೆ ಶೈಲಾ ಬಂದಳು. ಶೈಲಾ ನನ್ನ ಮೈಸೂರು ಕಾಲೇಜಿನ ಗೆಳತಿ. ಈಗ ದಕ್ಷಿಣದ ಕಾರ್ಕ್ ನಗರದ ಬಳಿಯ ರಿಂಗಾಸ್ಕಿಡಿಯಲ್ಲಿ, ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಬಹಳ ಒಳ್ಳೆಯವಳು, ಬಹಳ ಮರೆಗುಳಿ. ನಾನು ಕೊಟ್ಟ ತುಳಸಿ ಗಿಡವನ್ನು ಒಣಗಿಸಿದಳು. ಕಳ್ಳಿ ಗಿಡವನ್ನೂ ಒಣಗಿಸಿದಳು, ಅದು ಹೇಗೆ ಸಾಧ್ಯವಾಯಿತೆಂದು ನಮಗೆ ಇವತ್ತಿಗೂ ಬಗೆಹರಿದಿಲ್ಲ. ಎರಡು ದಿನ ಇದ್ದು ಭಾನುವಾರ ಹೊರಟು ನಿಂತಾಗ ಅರಿಶಿನ ಕುಂಕುಮದ ತಟ್ಟೆ ತಂದೆ. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ಆದರೆ ಬೀರು ತೆಗೆದರೆ ಗಿಳಿಹಸಿರು ಬ್ಲೌಸ್ ಪೀಸು ಇಲ್ಲ!

ಈ ಗಿಳಿಹಸಿರು ಬ್ಲೌಸ್ ಪೀಸಿನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಅದು ಐರ್ಲೆಂಡಿಗೆ ಯಾರ ಸೂಟ್‌ಕೇಸಿನಲ್ಲಿ ಬಂತೋ ಯಾರಿಗೂ ತಿಳಿಯದು. ಇಲ್ಲಿ ಹೊಲಿದುಕೊಡುವವರಿಲ್ಲ, ಆ ಬಣ್ಣಕ್ಕೆ ಹೊಂದುವ ಸೀರೆಯೂ ಲೋಕದಲ್ಲಿ ಇದ್ದಂತಿಲ್ಲ. ಹೀಗಾಗಿ ಮಡಿಕೆ ಬಿಚ್ಚದೆ ಅದು ಒಂದು ತಾಂಬೂಲದಿಂದ ಇನ್ನೊಂದು ತಾಂಬೂಲಕ್ಕೆ, ನಮ್ಮ ಮನೆಯಿಂದ ಲೀಕ್ಸ್‌ಲಿಪ್‌ಗೆ, ಅಲ್ಲಿಂದ ಕಾರ್ಕಿಗೆ, ಮತ್ತೆ ನಮ್ಮ ಮನೆಗೆ ಸುತ್ತುತ್ತಲೇ ಇದೆ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಈ ದೇಶ ನೋಡಿರುವುದು ಅದೇ. ಅಂದು ಅದು ಯಾರ ಮನೆಯಲ್ಲಿತ್ತೋ, ನನ್ನಲ್ಲಂತೂ ಇರಲಿಲ್ಲ. ಎರಡು ಸಸಿ ಕೊಟ್ಟರೆ ಹೇಗೆ ಎಂದು ಹೊಳೆಯಿತು. ಕೊಟ್ಟೆ. ಯಾವ ಎರಡು ಎಂದು ಕೇಳಬೇಡಿ, ಕೇಳಿದರೆ ಹೇಳಬೇಕಾಗುತ್ತದೆ. ಬಡಕಲು ಎರಡು.

ಕಾಲುಚೀಲ ಬಿಚ್ಚಿಟ್ಟುಕೊಂಡೇ ಕೊಟ್ಟೆ. ಇವಳ ಕೈಗೆ ಹೋದ ಮೇಲೆ ಆಯಸ್ಸು ಮುಗಿದಂತೆಯೇ ಎಂದು ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೂ ಆಯಿತು.

ಉಳಿದ ನಾಲ್ಕು ನಮ್ಮ ಕೂರುಕೋಣೆಯ ಕಿಟಕಿಯಲ್ಲಿ ಹೇಗೆ ಬೆಳೆದವು ಎನ್ನುತ್ತೀರಿ! ಮೇ ಹೊತ್ತಿಗೆ ಬಕೆಟ್ಟಿಗೆ ಬಡ್ತಿ ಪಡೆದವು. ಜೂನ್ ಹೊತ್ತಿಗೆ ಬೆಳ್ಳಿಯ ಬಣ್ಣದ, ತೋಳುದ್ದದ ಎಲೆಗಳು ಸೋಫಾದ ಮೇಲೆ ಚಾಚಿಕೊಂಡು, ಬಂದ ಅತಿಥಿಗಳು ನಿಂತೇ ಕಾಫಿ ಕುಡಿಯಬೇಕಾಯಿತು. ಬೇಸಿಗೆ ಬಂದ ಮೇಲಾದರೂ ಹೊರಗಿಡಬಹುದಿತ್ತು. ಆದರೆ ಇಲ್ಲಿನ ಬೇಸಿಗೆಯನ್ನು ಯಾವ ಧೈರ್ಯದ ಮೇಲೆ ನಂಬುವುದು? ರಾತ್ರಿ ಹತ್ತರವರೆಗೆ ಬೆಳಕಿರುವ ಆ ದಿನಗಳಲ್ಲಿ ಕೆಲಸದಿಂದ ಬಂದವಳೇ ಟಾರ್ಚು ಹಿಡಿದು ಒಂದೊಂದು ಗಿಡದ ನಡುವೆ ಇಣುಕುತ್ತಿದ್ದೆ. "ಆ ಅನ್ನು" ಎನ್ನುವುದೊಂದು ಬಾಕಿ. ಎಲೆಯ ಒಳಗೆ ಎಲೆ, ಅದರ ಒಳಗೆ ಇನ್ನೊಂದು ಎಲೆ. ಮೊಗ್ಗಿಲ್ಲ.

ಜುಲೈ ಕಳೆಯಿತು. ಮೊಗ್ಗಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ "ಎಷ್ಟು ದೊಡ್ಡದಾಯ್ತು ನಿಮ್ಮ ತಾವರೆ?" ಎಂದು ಒಬ್ಬರಾದ ಮೇಲೊಬ್ಬರು ವಿಚಾರಿಸತೊಡಗಿದರು. ನಾನು ಎಲೆಗಳ ಫೋಟೋ ಹಾಕಿ ಕೈಮುಗಿಯುವ ಚಿತ್ರ ಹಾಕುತ್ತಿದ್ದೆ. ಅಮ್ಮ ಏನೂ ಕೇಳಲಿಲ್ಲ. ಅವಳು ಕೇಳದಿದ್ದುದರಿಂದಲೇ ನನಗೆ ಹೆಚ್ಚು ನೋವಾಯಿತು. ನನಗೆ ಈ ಬಾರಿ ಆ ಒಂದು ಪ್ರಶ್ನೆ ಕೇಳಿಸಿಕೊಳ್ಳಬಾರದು, ಅಷ್ಟೇ ಬೇಕಿತ್ತು. ಹಬ್ಬಕ್ಕೆ ಇನ್ನು ಮೂರೇ ವಾರ ಎನ್ನುವಾಗ, ಯಾರೂ ಇಲ್ಲದ ಹೊತ್ತು ನೋಡಿ, ಅಟ್ಟ ಹತ್ತಿ ಪ್ಲಾಸ್ಟಿಕ್ ತಾವರೆಯನ್ನು ಇಳಿಸಿಕೊಂಡು ಬಂದೆ.

ಆಗಲೇ ಫೋನು ಟಿಂಗ್ ಎಂದದ್ದು. ಶೈಲಾ ಒಂದು ಫೋಟೋ ಕಳಿಸಿದ್ದಳು. ಕಸದ ಡಬ್ಬಿಗಳ ಪಕ್ಕ ಹಳೆಯದೊಂದು ದೊಡ್ಡ ಟಬ್ಬು, ಅದರಲ್ಲಿ ಗಾಳಿಗೆ ಹರಿದ ಎಲೆಗಳ ಒರಟು ಗಿಡ, ಗಿಡದ ನೆತ್ತಿಯಲ್ಲಿ ನಿಂಬೆಹಣ್ಣಿನಷ್ಟು ಹಸಿರು ಗುಂಡು. ಅಡಿಯಲ್ಲಿ ಬರೆದಿದ್ದಳು: "ಏನೋ ಗಂಟು ಥರ ಬಂದಿದೆ ಕಣೇ. ರೋಗ ಇರ್ಬೇಕು. ಬ್ರೌನ್ ಬಿನ್‌ಗೆ ಹಾಕ್ಲಾ?"

ನಾನು ಬರೆಯುವ ಗೋಜಿಗೆ ಹೋಗದೆ ಫೋನೇ ಮಾಡಿದೆ. "ಶೈಲಾ, ಮುಟ್ಟಬೇಡ! ಕೈ ಹಿಂದಕ್ಕೆ ತಗೋ!"

"ಯಾಕೆ, ಅಂಟುರೋಗಾನಾ?"

"ಅದು ಮೊಗ್ಗು ಕಣೇ, ಮೊಗ್ಗು! ನೀನು ಅದಕ್ಕೇನು ಮಾಡ್ದೆ, ಮೊದಲು ಅದು ಹೇಳು."

"ಏನೂ ಮಾಡಿಲ್ವೇ. ನೀನು ಕೊಟ್ಟಿದ್ದನ್ನ ಆ ಟಬ್ಬಲ್ಲಿ ನೆಟ್ಟೆ, ಆಮೇಲೆ ಮರ್ತೇ ಹೋಯ್ತು. ಒಂದನ್ನ ಬಸವನಹುಳ ತಿಂದಾಕ್ತು. ಇದೊಂದು ಇದೆ. ಏಪ್ರಿಲ್ಲಿಂದ ಹೊರಗಡೇನೇ ಬಿದ್ದಿದೆ, ಸಾರಿ ಕಣೇ."

ಕ್ಷಮೆ ಬೇರೆ ಕೇಳುತ್ತಾಳೆ! ನಾನು ಕಾಲುಚೀಲ ತೊಡಿಸಿ ಸಾಕಿದ ನಾಲ್ಕು ಬರೀ ಎಲೆ ತೋರಿಸುತ್ತ ಕುಳಿತಿವೆ. ನಾನು ಎಳ್ಳುನೀರು ಬಿಟ್ಟ ಬಡಕಲು ಸಸಿ ಕಾರ್ಕಿನ ಸಮುದ್ರದ ಗಾಳಿಯಲ್ಲಿ ಏಪ್ರಿಲ್, ಮೇ ಕಳೆದು ಲಕ್ಷ್ಮಿಗೆ ಮೊಗ್ಗು ಹಿಡಿದು ನಿಂತಿದೆ. ನನಗೆ ಹೊಟ್ಟೆಕಿಚ್ಚಾಯಿತೋ ಸಂತೋಷವಾಯಿತೋ ಎಂದರೆ, ಎರಡೂ ಆಯಿತು, ಸಂತೋಷ ಸ್ವಲ್ಪ ಜಾಸ್ತಿ. ಮನೆಯೊಳಗೆ ಒಂದು ಸುತ್ತು ಕುಣಿದೇ ಬಿಟ್ಟೆ. ಆಮೇಲೆ ಶೈಲಾಗೆ ಹಬ್ಬದ ವಿಷಯ, ಗುಂಪಿನಲ್ಲಿ ನಾನು ಕೊಚ್ಚಿಕೊಂಡ ವಿಷಯ, ಅಮ್ಮನ ಪ್ರಶ್ನೆ ಎಲ್ಲ ಹೇಳಿ, ಹಬ್ಬಕ್ಕೆ ಮೊಗ್ಗು ತಂದುಕೊಡಬೇಕೆಂದು ಬೇಡಿಕೊಂಡೆ.

ಹೇಳಿದ್ದೇ ತಪ್ಪಾಯಿತು. ಲಕ್ಷ್ಮಿ ಎಂದೊಡನೆ ಶೈಲಾಗೆ ಭಕ್ತಿ ಬಂತು; ಭಕ್ತಿಯ ಜೊತೆಗೆ ನೆನಪಿನ ಶಕ್ತಿಯೂ ಬಂತು. ಮರುದಿನದಿಂದ ಫೋನಿನ ಮೇಲೆ ಫೋನು. "ಮಳೆ ಬರ್ತಿದೆ, ಒಳಗೆ ತರ್ಲಾ?" "ಗಾಳಿ ಜೋರಾಗಿದೆ, ಏನಾದ್ರೂ ಸುತ್ತಲಾ?" "ರಾತ್ರಿ ಚಳಿ ಇರತ್ತಲ್ಲ, ಹಾಟ್ ಪ್ರೆಸ್ ಹತ್ರ ಇಟ್ರೆ ಹೇಗೆ?"

"ಏನೂ ಮಾಡಬೇಡ್ವೇ ತಾಯಿ! ಹೊರಗೇ ಇರಲಿ. ಇಷ್ಟು ದಿನ ಹೇಗೆ ಮರೆತಿದ್ದೆ, ಹಾಗೇ ಮರೆತುಬಿಡು. ಗಾಳಿ ಆಡಲಿ, ಏನೂ ಆಗಲ್ಲ!" ಎಂದು ಕೂಗಿದೆ. ಕೂಗಿದ ಮೇಲೆ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಅದು ನನ್ನದೇ ಕ್ಲಿನಿಕ್ಕಿನ ಮಾತು.

ಹಬ್ಬದ ಶುಕ್ರವಾರ ಬಂತು. ರಜೆ ಹಾಕಿ, ಒಬ್ಬಟ್ಟು ಮಾಡಿ, ಕಲಶಕ್ಕೆ ಸೀರೆ ಉಡಿಸಿ ಕಾದೆ. ಶೈಲಾ ಕಾರ್ಕಿನಿಂದ ಬೆಳಿಗ್ಗೆಯೇ ಹೊರಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿಯಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಮೆಸೇಜು ಬಂತು, ಆಮೇಲೆ ಸುದ್ದಿಯೇ ಇಲ್ಲ. ಸಂಜೆಯಾಯಿತು. ಗುಂಪಿನ ಹೆಂಗಸರೆಲ್ಲ ರೇಷ್ಮೆ ಸೀರೆಯ ಮೇಲೆ ಮಳೆಕೋಟು ತೊಟ್ಟು ಬಂದು, ಕೋಟು ಕಳಚಿ, ನನ್ನ ನಾಲ್ಕು ಗಿಡಗಳ ಎಲೆಗಳ ನಡುವೆ ಒತ್ತಾಗಿ ಕುಳಿತರು. ಎಲ್ಲರ ಕಣ್ಣೂ ಕಲಶದ ಮುಂದಿನ ಖಾಲಿ ಜಾಗದ ಮೇಲೆ. ಮಾನ್ವಿ ಹಿಡಿದುಕೊಂಡಿದ್ದ ಫೋನಿನೊ‍ಳಗೆ ಅಮ್ಮ, ನಿದ್ದೆಗೆಟ್ಟು, ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಳು. ಇನ್ನು ಆರತಿ ತಡಮಾಡುವಂತಿರಲಿಲ್ಲ. ಫ್ರಿಜ್ಜಿನ ಹಿಂದೆ ಬಚ್ಚಿಟ್ಟಿದ್ದ ಪ್ಲಾಸ್ಟಿಕ್ ತಾವರೆಯನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಬಹಳ ಬೇಜಾರಾಗಿತ್ತು. ಅದನ್ನು ಇಡಲು ಬಗ್ಗುತ್ತಿದ್ದೆ, ಹೊರಗೆ ಹಾರ್ನ್ ಕೇಳಿಸಿತು.

ಶೈಲಾ ಮೊಗ್ಗು ತಂದಿರಲಿಲ್ಲ. ಟಬ್ಬನ್ನೇ ತಂದಿದ್ದಳು! ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು, ಅರ್ಧ ಇಳಿಸಿದ ಕಿಟಕಿಯಿಂದ ಎಲೆ ಹೊರಚಾಚಿಕೊಂಡು ಗಿಡಕ್ಕೆ ಗಿಡವೇ ಕಾರ್ಕಿನಿಂದ ಬಂದಿತ್ತು. "ಕುಯ್ಯಕ್ಕೆ ಕತ್ತರಿ ಹಿಡ್ಕೊಂಡೆ ಕಣೇ. ಮನಸ್ಸೇ ಬರ್ಲಿಲ್ಲ" ಎಂದಳು. ವೀರೇಶ ಒಂದು ಕಡೆ, ಅವಳು ಒಂದು ಕಡೆ ಹಿಡಿದು ಒಳಗೆ ತಂದು ಕಲಶದ ಪಕ್ಕ ಇಳಿಸಿದರು. ಆಗ ನೋಡಿದೆ. ಮುಷ್ಟಿಗಿಂತ ದೊಡ್ಡದಾಗಿದ್ದ ಮೊಗ್ಗು ಕಾರಿನೊಳಗಿನ ಬಿಸುಪಿಗೋ ಏನೋ ತುದಿಯಲ್ಲಿ ಬಿರಿದುಬಿಟ್ಟಿತ್ತು. ತಾವರೆ ಮೊಗ್ಗಿನ ಹೋಲಿಕೆ ಹೋಗಿಯೇ ಹೋಗಿತ್ತು. ಮುಳ್ಳಿನ ಹಸಿರು ಬಟ್ಟಲಿನೊಳಗಿಂದ ನೇರಳೆ ಬಣ್ಣದ ಸಾವಿರ ಎಳೆಗಳು ಚಿಮ್ಮಿದ್ದವು. ಅಂಥ ನೇರಳೆಯನ್ನು ನಾನು ಯಾವ ರೇಷ್ಮೆಯಲ್ಲೂ ಕಂಡಿಲ್ಲ.

ಫೋನಿನೊಳಗಿಂದ ಅಮ್ಮ, "ಹತ್ರ ಹಿಡಿ ಪುಟ್ಟಿ" ಎಂದಳು. ಮಾನ್ವಿ ಹಿಡಿದಳು.

"ಅಯ್ಯೋ, ಎಷ್ಟು ಚೆನ್ನಾಗಿದೆಯೇ! ಮುಟ್ಟಿದರೆ ಮುನಿ ಹೂವನ್ನ ದೊಡ್ಡದು ಮಾಡಿದ ಹಾಗಿದೆ" ಎಂದಳು ಅಮ್ಮ. ಆಮೇಲೆ, "ತಾವರೆ ಅಲ್ಲ ಬಿಡು. ಆದ್ರೆ ನಿಮ್ಮೂರ ಹೂವು. ಲಕ್ಷ್ಮಿಗೂ ಇಲ್ಲಿಂದ ಅಲ್ಲಿಗೆ ಹೋದ್ಮೇಲೆ ಅಲ್ಲೀದು ಅಭ್ಯಾಸ ಆಗ್ಬೇಕಲ್ಲ" ಎಂದಳು. ಮುಳ್ಳಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಕಣ್ಣು ತುಂಬಿ ಆರತಿಯ ದೀಪ ಎರಡೆರಡಾಗಿ ಕಂಡಿತು.

ಮರುದಿನ ಕಲಶ ಕದಲಿಸಿದ ಮೇಲೆ ಶೈಲಾ ಹೊರಟಳು. ಈ ಸಲ ಬೀರು ತೆಗೆದರೆ ಗಿಳಿಹಸಿರು ಬ್ಲೌಸ್ ಪೀಸು ಸಿದ್ಧವಾಗಿತ್ತು. ಹಿಂದಿನ ಸಂಜೆಯಷ್ಟೇ ಯಾರದೋ ತಾಂಬೂಲದಲ್ಲಿ ಮನೆಗೆ ಮರಳಿತ್ತು. ಅವಳು ಅದನ್ನು ನೋಡಿ, "ಇದನ್ನ ನಾನೇ ಹೋದ ವರ್ಷ ಯಾರಿಗೋ ಕೊಟ್ಟಿದ್ನಲ್ಲೇ!" ಎಂದು ನಕ್ಕು ಚೀಲಕ್ಕೆ ಹಾಕಿಕೊಂಡಳು. ಗಿಡವನ್ನು ಇಲ್ಲೇ ಬಿಟ್ಟುಹೋಗುತ್ತಾಳೇನೋ ಎಂದು ನನಗೊಂದು ಆಸೆ ಇತ್ತು. ಸುಮ್ಮನೆ ಅದರ ಎಲೆ ಸವರುತ್ತ ನಿಂತೆ. "ಏನೇ, ಕುಂಕುಮದ ಜೊತೆ ಕೊಟ್ಟಿದ್ದನ್ನ ವಾಪಸ್ ಇಸ್ಕೋತಾರಾ?" ಎಂದಳು. ನ್ಯಾಯವಾದ ಮಾತು. ಗಿಡಕ್ಕೆ ಬೆಲ್ಟು ಹಾಕಿ ನಾನೇ ಬಾಗಿಲು ಮುಚ್ಚಿದೆ.

ಅವಳ ಕಾರು ತಿರುವು ದಾಟಿದ ಮೇಲೆ ಒಳಗೆ ಬಂದು ಅಂಗಿಯ ತೋಳು ಮಡಿಸಿದೆ. ವೀರೇಶ, ಮಾನ್ವಿ, ನಾನು ಮೂವರೂ ಸೇರಿ ನಾಲ್ಕು ಬಕೆಟ್ಟುಗಳನ್ನು ಹಿತ್ತಲಿಗೆ ಸಾಗಿಸಿ, ಬ್ರೌನ್ ಬಿನ್ನಿನ ಪಕ್ಕ ಸಾಲಾಗಿ ಇಟ್ಟೆವು. ಸೋಫಾ ತಿಂಗಳುಗಳ ನಂತರ ಪೂರ್ತಿ ಕಾಣಿಸಿತು. ತುಂತುರು ಮಳೆ ಹಿಡಿದಿತ್ತು. ನಾಲ್ಕೂ ಗಿಡಗಳು ಗಾಳಿಗೆ ನಡುಗಿದವು. ಮಾನ್ವಿ ನನ್ನ ಮುಖ ನೋಡಿ, "ವಿಲ್ ದೇ ನಾಟ್ ಬಿ ಕೋಲ್ಡ್, ಮ್ಯಾಮ್?" ಎಂದು ಬೇಕೆಂದೇ ಕೇಳಿದಳು.

"ದೇ ವಿಲ್ ಬಿ ಗ್ರ್ಯಾಂಡ್" ಎಂದೆ. ಈ ಸಲ ಸುಳ್ಳು ಚಳಿಗಾಲವಲ್ಲ, ನಿಜವಾದದ್ದೇ ಬರಲಿದೆ. ಮುಂದಿನ ಬೇಸಿಗೆಗೆ ಮೊಗ್ಗು ಬಂದರೆ ಬಂತು. ನಾನು ಟಾರ್ಚು ಹಿಡಿದು ಇಣುಕುವುದಿಲ್ಲ ಎಂದು ಮನೆಯವರ ಮುಂದೆ ಮಾತು ಕೊಟ್ಟಿದ್ದೇನೆ.

ದೇವರ ಮಣೆ ತೆಗೆಯುವಾಗ ಪ್ಲಾಸ್ಟಿಕ್ ತಾವರೆ ಸಿಕ್ಕಿತು. ಹಾರ್ನ್ ಕೇಳಿದ ಗಡಿಬಿಡಿಯಲ್ಲಿ ಅದನ್ನು ಮಣೆಯ ಹಿಂದೆ ಬಿಟ್ಟು ಓಡಿದ್ದೆ. ಎಸೆಯಲು ಕೈ ಬರಲಿಲ್ಲ. ಪಾಪ, ಇಷ್ಟು ವರ್ಷ ಸೋಪು ಕುಡಿದು ದುಡಿದಿದೆ. ತೊಳೆದು, ಒರೆಸಿ, ಉಲ್ಲನ್ ಕಾಲುಚೀಲವೊಂದರಲ್ಲಿ ಸುತ್ತಿ ಹಾಟ್ ಪ್ರೆಸ್ಸಿನಲ್ಲಿ, ಟ್ಯಾಂಕಿನ ಪಕ್ಕದ ಅತಿ ಬೆಚ್ಚನೆಯ ಜಾಗದಲ್ಲೇ ಇಟ್ಟೆ. ಅಲ್ಲಿ ಅದು ಹಾಯಾಗಿರಲಿ. ಅದಕ್ಕೆ ಹೇಗಿದ್ದರೂ ಅರಳುವ ಕೆಲಸವಿಲ್ಲ.